ಬರೋಡಾದಿಂದ ಲಾಲ್‌ಬಾಗಿಗೆ: ಕೃಂಬಿಗಲ್ ಮತ್ತು ಬೆಂಗಳೂರಿನ ಸೇಬು

ನವರಂಗಪುರದ ನಮ್ಮ ಕನ್ನಡಿಗ ಬಂಧುಗಳಲ್ಲಿ ಕೆಲವರು ಈಚಿನ ವರ್ಷಗಳಲ್ಲಿ ಮನೆಯಂಗಳದಲ್ಲಿ ಸೇಬಿನ ಸಸಿ ನೆಟ್ಟಿದ್ದಾರೆ. ಕಾಶ್ಮೀರದ ಹಣ್ಣು ಅಹಮದಾಬಾದಿನ ಬಿಸಿಲಿನಲ್ಲಿ ಬಿಟ್ಟೀತೇ ಎಂದು ನಕ್ಕವರೂ ಉಂಟು. ಈ ಪ್ರಶ್ನೆ ಹೊಸದಲ್ಲ. ನೂರು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಇದಕ್ಕೆ ಉತ್ತರ ಹುಡುಕಿದವರಿದ್ದರು. ಆ ಕಾಲದ ಲಾಲ್‌ಬಾಗಿನ ಮುಖ್ಯಸ್ಥರು ಅದಕ್ಕೆ ಮೊದಲು ಹದಿನೈದು ವರ್ಷ ನಮ್ಮ ಪಕ್ಕದ ಬರೋಡಾದಲ್ಲಿ ಸೇವೆ ಸಲ್ಲಿಸಿದ್ದವರೆಂಬುದು ಗುಜರಾತಿನ ಕನ್ನಡಿಗರಲ್ಲಿಯೇ ಅನೇಕರಿಗೆ ತಿಳಿದಿಲ್ಲ.

ಗುಸ್ಟಾವ್ ಹರ್ಮನ್ ಕೃಂಬಿಗಲ್ ಅವರು 1865ರ ಡಿಸೆಂಬರಿನಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಸಮೀಪದ ಲೋಮನ್ ಎಂಬ ಊರಿನಲ್ಲಿ ಜನಿಸಿದರು. ಪಿಲ್ನಿಟ್ಜ್‌ನಲ್ಲಿ ತೋಟಗಾರಿಕೆಯನ್ನು ಕಲಿತು 1888ರಲ್ಲಿ ಇಂಗ್ಲೆಂಡಿಗೆ ತೆರಳಿದರು. ಲಂಡನ್ನಿನ ಹೈಡ್ ಪಾರ್ಕಿನ ಹೂವಿನ ಪಾತಿಗಳಲ್ಲಿ ದುಡಿದು, ಮುಂದೆ ಜಗತ್ಪ್ರಸಿದ್ಧವಾದ ಕ್ಯೂ ಸಸ್ಯೋದ್ಯಾನವನ್ನು ಸೇರಿದರು. ಅಲ್ಲಿಂದ ಅವರನ್ನು ಭಾರತಕ್ಕೆ ಕರೆತಂದವರು ಬರೋಡಾದ ಮಹಾರಾಜ ಮೂರನೆಯ ಸಯ್ಯಾಜಿರಾವ್ ಗಾಯಕವಾಡರು. 1893ರಲ್ಲಿ ಸಂಸ್ಥಾನದ ಉದ್ಯಾನಗಳ ಹೊಣೆ ಈ ತರುಣನ ಕೈಸೇರಿತು. ಜನರು ಕಮಾಟಿಬಾಗ್ ಎಂದು ಕರೆಯುವ ಸಯ್ಯಾಜಿಬಾಗ್ 1879ರಲ್ಲಿಯೇ ತಲೆಯೆತ್ತಿತ್ತು. ಶಾಲೆ, ಗ್ರಂಥಾಲಯ, ಉದ್ಯಾನ ಮೂರನ್ನೂ ಪ್ರಜೆಗಳ ಹಕ್ಕೆಂದು ಭಾವಿಸಿದ ಅರಸನ ಆಶ್ರಯದಲ್ಲಿ ಕೃಂಬಿಗಲ್ ಭಾರತದ ಮಣ್ಣನ್ನೂ ಬಿಸಿಲನ್ನೂ ಅರಿತರು. ಗುಜರಾತಿನ ಬೇಸಿಗೆಯನ್ನು ಹದಿನೈದು ಬಾರಿ ಕಂಡ ತೋಟಗಾರನಿಗೆ ಬೆಂಗಳೂರಿನ ಹವೆ ವರದಾನವಾಗಿಯೇ ತೋರಿರಬೇಕು.

1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಮೈಸೂರು ಸಂಸ್ಥಾನಕ್ಕೆ ಬರಮಾಡಿಕೊಂಡರು. ಲಾಲ್‌ಬಾಗಿನಲ್ಲಿ ಅವರ ಹಿಂದಿನವರಾದ ಜಾನ್ ಕ್ಯಾಮರೂನ್ ಗಾಜಿನ ಮನೆಯನ್ನು ಬಿಟ್ಟುಹೋಗಿದ್ದರು. ನಾವು ಇಂದು ಸೀಮೆಬದನೆ ಎನ್ನುವ ತರಕಾರಿಯನ್ನೂ ಸೇಬಿನ ಪ್ರಯೋಗವನ್ನೂ ಬಿಟ್ಟುಹೋಗಿದ್ದರು. ಕೃಂಬಿಗಲ್ ಇದನ್ನೆಲ್ಲ ವಿಸ್ತರಿಸಿದರು. ಹೊರದೇಶಗಳ ಸಸ್ಯೋದ್ಯಾನಗಳೊಡನೆ ಬೀಜ, ಸಸಿಗಳ ವಿನಿಮಯ ನಡೆಸಿದರು. 1912ರಲ್ಲಿ ಮೈಸೂರು ಹಾರ್ಟಿಕಲ್ಚರಲ್ ಸೊಸೈಟಿಯನ್ನು ಕಟ್ಟಿದರು. ತೋಟಗಾರಿಕೆಯ ಶಾಲೆಯನ್ನು ಆರಂಭಿಸಿದರು. ಒಂದು ಮರದ ಹೂವು ಉದುರುವ ವೇಳೆಗೆ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಲ್ಲಿ ಸಾಲುಮರಗಳನ್ನು ನೆಡಿಸಿದ ಯೋಜನೆಗಾಗಿ ಅವರನ್ನು ಹೆಚ್ಚಾಗಿ ನೆನೆಯುತ್ತಾರೆ. ಕನ್ನಂಬಾಡಿಯ ಬೃಂದಾವನದ ವಿನ್ಯಾಸದಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಅವರ ಪಾಲೂ ಇದೆ. ಆದರೆ ಹೂವಿನ ಕೀರ್ತಿಯಲ್ಲಿ ಹಣ್ಣಿನ ಕಥೆ ಮರೆಯಾಗಬಾರದು.

ಸೇಬಿನ ಮರಕ್ಕೆ ನಿದ್ರೆ ಬೇಕು. ಚಳಿಗಾಲದಲ್ಲಿ ಎಲೆಯುದುರಿಸಿ ಮಲಗಿ, ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿಯನ್ನು ಸಾಕಷ್ಟು ಗಂಟೆಗಳ ಕಾಲ ಅನುಭವಿಸಿದ ಮೇಲೆಯೇ ಅದರ ಮೊಗ್ಗು ಎಚ್ಚರಗೊಳ್ಳುತ್ತದೆ. ಬೆಟ್ಟನಾಡಿನ ಅನೇಕ ತಳಿಗಳಿಗೆ ಇಂತಹ 800ರಿಂದ 1000 ಗಂಟೆಗಳು ಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಆ ಚಳಿ ಎಲ್ಲಿಯದು? ಆದರೂ 20ನೆಯ ಶತಮಾನದ ಮೊದಲ ಭಾಗದಲ್ಲಿ ಅಲ್ಲಿನ ಬಂಗಲೆಗಳ ಆವರಣದಲ್ಲಿಯೂ ಸುತ್ತಲಿನ ತೋಟಗಳಲ್ಲಿಯೂ ಸೇಬು ಬೆಳೆಯುತ್ತಿತ್ತು. ಅದರಲ್ಲಿ ಹೆಸರಾದದ್ದು ರೋಮ್ ಬ್ಯೂಟಿ. ಹೆಸರು ಕೇಳಿ ಇಟಲಿಯದೆಂದು ಭ್ರಮಿಸಬೇಡಿ. ಅಮೆರಿಕದ ಒಹಾಯೋ ಪ್ರಾಂತ್ಯದ ರೋಮ್ ಎಂಬ ಊರಿನದು. ಇದೇ ತಳಿಯನ್ನು ಇಂಡೊನೇಷ್ಯಾದ ಮಲಾಂಗ್ ಸಮೀಪದ ಬಾಟು ಎಂಬಲ್ಲಿ ಇಂದಿಗೂ ಬೆಳೆಯುತ್ತಾರೆ. ಭೂಮಧ್ಯರೇಖೆಗೆ ಅಷ್ಟು ಹತ್ತಿರದ ಆ ಊರಿನಲ್ಲಿ ಚಳಿಗಾಲವೇ ಇಲ್ಲ. ಹಣ್ಣು ಕೊಯ್ದ ಕೆಲ ವಾರಗಳಲ್ಲಿ ರೈತರು ಎಲೆಗಳನ್ನೆಲ್ಲ ಕೈಯಿಂದ ಕಿತ್ತುಹಾಕುತ್ತಾರೆ. ಗಾಢನಿದ್ರೆಗೆ ಜಾರುವ ಮೊದಲೇ ಮರ ಹೊಸದಾಗಿ ಚಿಗುರಿ ಹೂ ಬಿಡುತ್ತದೆ. ವರ್ಷಕ್ಕೆ ಎರಡು ಬೆಳೆ! ಚಳಿಯನ್ನು ತರಲಾಗದಿದ್ದರೇನು, ಮರವನ್ನು ಮಲಗಗೊಡದಿದ್ದರಾಯಿತು.

ಬೆಂಗಳೂರಿನ ಸೇಬು ಬಹುಕಾಲ ಬಾಳಲಿಲ್ಲ. ಬಿಳಿಯ ಉಣ್ಣೆಯಂತೆ ಕೊಂಬೆಗೂ ಬೇರಿಗೂ ಅಂಟಿ ರಸ ಹೀರುವ ಹೇನು ಸೇಬಿನ ಹಳೆಯ ಶತ್ರು. ತೋಟಗಳಿದ್ದ ನೆಲವನ್ನು ಬೆಳೆಯುವ ನಗರ ನುಂಗಿತು. ಹಿಮಾಚಲ, ಕಾಶ್ಮೀರಗಳ ಹಣ್ಣು ರೈಲು, ಲಾರಿಗಳಲ್ಲಿ ಬಂದಿಳಿಯತೊಡಗಿದ ಮೇಲೆ ಲೆಕ್ಕವೂ ಗಿಟ್ಟಲಿಲ್ಲ. ಬ್ಯಾಂಕಿನಲ್ಲಿ ಸಾಲದ ಕಾಗದಗಳನ್ನು ನೋಡುತ್ತ ಬಂದ ನನಗೆ ಈ ಕೊನೆಯ ಕಾರಣವೇ ಬಲವಾದದ್ದೆಂದು ತೋರುತ್ತದೆ.

ಮನೆಯಂಗಳದ ಒಂದೆರಡು ಮರಕ್ಕೆ ಆ ಲೆಕ್ಕ ಅನ್ವಯಿಸುವುದಿಲ್ಲ. ಈಗ ಕಡಿಮೆ ಚಳಿ ಬೇಡುವ ತಳಿಗಳು ಲಭ್ಯವಿವೆ: ಇಸ್ರೇಲಿನ ಅನ್ನಾ, ಬಹಾಮಾಸ್ ದ್ವೀಪಗಳ ಡಾರ್ಸೆಟ್ ಗೋಲ್ಡನ್. ಪರಾಗಕ್ಕಾಗಿ ಇವೆರಡನ್ನೂ ಜೊತೆಯಾಗಿ ನೆಡುವುದು ಲೇಸು. ಹಿಮಾಚಲದ ಬಿಲಾಸಪುರ ಜಿಲ್ಲೆಯ ಹರಿಮನ್ ಶರ್ಮಾ ಎಂಬ ರೈತರು ತಮ್ಮ ಬಿಸಿಯಾದ ತಗ್ಗುನೆಲದಲ್ಲಿ ರೂಪಿಸಿದ ಎಚ್‌ಆರ್‌ಎಂಎನ್-99 ತಳಿಯನ್ನು ದೇಶದ ಅನೇಕ ರಾಜ್ಯಗಳಿಗೆ ತಲುಪಿಸಿದ ನ್ಯಾಷನಲ್ ಇನ್ನೊವೇಷನ್ ಫೌಂಡೇಷನ್ ನಮ್ಮ ಗಾಂಧಿನಗರದಲ್ಲಿಯೇ ಇದೆ. ಶರ್ಮಾ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಇಲ್ಲಿ ಡಿಸೆಂಬರ್ ಕೊನೆಯಲ್ಲಿ ಎಲೆ ಕಿತ್ತು ಕೊಂಬೆ ಸವರಿದರೆ ಬೇಸಿಗೆ ಮುಗಿಯುವುದರೊಳಗೆ ಹಣ್ಣು ನಿರೀಕ್ಷಿಸಬಹುದು. ಮಧ್ಯಾಹ್ನದ ಬಿಸಿಲಿಗೆ ನೆರಳು, ಬುಡಕ್ಕೆ ಒಣ ಎಲೆಯ ಹೊದಿಕೆ, ಮಳೆಗಾಲದಲ್ಲಿ ನೀರು ನಿಲ್ಲದ ಪಾತಿ ಇಷ್ಟನ್ನು ಮರೆಯಬಾರದು. ಕಾಶ್ಮೀರದ ಕೆಂಪು ಮಾತ್ರ ಬರಲಾರದು.

ಕೃಂಬಿಗಲ್ ಅವರ ಬದುಕಿನಲ್ಲಿ ಕಹಿಯ ಪಾಲು ಕಡಿಮೆಯಿರಲಿಲ್ಲ. 1914ರಲ್ಲಿ ಯುದ್ಧ ಆರಂಭವಾದಾಗ, ಎರಡು ಸಂಸ್ಥಾನಗಳಿಗೆ ಎರಡು ದಶಕ ದುಡಿದಿದ್ದ ಈ ವ್ಯಕ್ತಿ ಬ್ರಿಟಿಷರ ಕಣ್ಣಿಗೆ ಕೇವಲ ಶತ್ರುದೇಶದ ಪ್ರಜೆಯಾದರು, ಬಂಧನಕ್ಕೊಳಗಾದರು. ಬಿಡುಗಡೆಯ ನಂತರ ಮತ್ತೆ ಅದೇ ತೋಟಕ್ಕೆ ಮರಳಿ 1932ರವರೆಗೆ ದುಡಿದರು. ಅವರ ಸ್ಥಾನಕ್ಕೆ ಬಂದವರು ಕ್ಯೂನಲ್ಲಿಯೇ ತರಬೇತಿ ಪಡೆದಿದ್ದ ನಮ್ಮವರಾದ ಎಚ್.ಸಿ. ಜವರಾಯರು. ಎರಡನೆಯ ಮಹಾಯುದ್ಧ ಬಂದಾಗ ಕೃಂಬಿಗಲ್ ಎಪ್ಪತ್ತು ದಾಟಿದ್ದರು. ಆಗಲೂ ಬಂಧನ ತಪ್ಪಲಿಲ್ಲ.

ಇಷ್ಟಾದರೂ ಅವರು ಬೆಂಗಳೂರನ್ನು ತೊರೆಯಲಿಲ್ಲ. ಅವರು ಹುಟ್ಟಿದ ಸೀಮೆ ಯುದ್ಧಾನಂತರ ಪೂರ್ವ ಜರ್ಮನಿಯ ಪಾಲಾಗಿತ್ತು. ಇತ್ತ ಸಂಸ್ಥಾನಗಳ ಕಾಲವೂ ಮುಗಿದಿತ್ತು. 1956ರ ಫೆಬ್ರವರಿಯಲ್ಲಿ, ಕರ್ನಾಟಕದ ಏಕೀಕರಣಕ್ಕೆ ಕೆಲವೇ ತಿಂಗಳು ಮೊದಲು, ತೊಂಬತ್ತರ ವಯಸ್ಸಿನಲ್ಲಿ ಬೆಂಗಳೂರಿನಲ್ಲಿಯೇ ನಿಧನ ಹೊಂದಿದರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಲಾಲ್‌ಬಾಗಿನ ಪಕ್ಕದ ರಸ್ತೆಗೆ ಅವರ ಹೆಸರಿದೆ. ಉದ್ಯಾನದೊಳಗಿದ್ದ ಕೃಂಬಿಗಲ್ ಸಭಾಂಗಣ ಶಿಥಿಲವಾಗಿ 2017ರಲ್ಲಿ ಕುಸಿದು, ಆಮೇಲೆ ಮತ್ತೆ ಕಟ್ಟಲ್ಪಟ್ಟಿತು.