ಬೂತುಗನ ಅಕ್ಕ ಪಾಂಬಬ್ಬೆ

ಗಂಗರ ವಂಶದಲ್ಲಿ ಬೂತುಗನೆಂಬ ಹೆಸರು ಎರಡು ಬಾರಿ ಬೆಳಗಿತು. ಮೊದಲನೆಯವನು ಅಮೋಘವರ್ಷ ನೃಪತುಂಗನ ಮಗಳು ಚಂದ್ರೋಬಲಬ್ಬೆಯ ಕೈಹಿಡಿದವನು. ಎರಡನೆಯವನು ಮುಮ್ಮಡಿ ಕೃಷ್ಣನ ಸೋದರಿ ರೇವಕನಿಮ್ಮಡಿಯ ಪತಿ, ಕ್ರಿ.ಶ. 949ರಲ್ಲಿ ತಕ್ಕೋಲದ ರಣದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಶೂರ.

ಈತನ ಅಕ್ಕನೇ ಪಾಂಬಬ್ಬೆ. ಕಡೂರಿನ ಶಿಲಾಸ್ತಂಭದ ಶಾಸನವು ಆಕೆಯನ್ನು ತಮ್ಮನ ಹೆಸರಿನಿಂದ ಗುರುತಿಸಿದರೂ ಕೊಂಡಾಡುವುದು ಆಕೆಯ ತಪಸ್ಸನ್ನೇ. ಕೇಶಲೋಚ ಮಾಡಿಕೊಂಡು, ಪಂಚವ್ರತಗಳನ್ನು ಪಾಲಿಸುತ್ತ 30 ವರ್ಷ ತಪವನ್ನಾಚರಿಸಿ, 971ರಲ್ಲಿ ಆ ಸಾಧ್ವಿಯು ದೇಹವನ್ನು ತೊರೆದಳು. ಅರಮನೆಯಲ್ಲಿ ಎಣ್ಣೆ ಹೂವು ಕಂಡ ತಲೆಗೂದಲನ್ನು ಕೈಯಾರೆ ಕಿತ್ತೊಗೆಯುವುದು ಸಾಮಾನ್ಯವೇ? ಒಂದು ದಿನದ ಉಪವಾಸಕ್ಕೇ ಸಂಜೆಯೊಳಗೆ ಬಳಲುವ ನನ್ನಂಥವನು ಆ ಮೂವತ್ತು ವರ್ಷಗಳನ್ನು ಎಣಿಸಲೂ ಅಂಜುತ್ತೇನೆ. ಲೆಕ್ಕ ಹಾಕಿದರೆ, ತಮ್ಮನು ತಕ್ಕೋಲದಲ್ಲಿ ಖಡ್ಗ ಹಿರಿದಾಗ ಅಕ್ಕನು ಅಹಿಂಸಾವ್ರತವನ್ನು ಹೊತ್ತು ಸುಮಾರು ಎಂಟು ವರ್ಷಗಳಾಗಿದ್ದುವು. ಒಂದೇ ಮನೆಯ ಎರಡು ದಾರಿ!

ಆಕೆಯ ಅಂತ್ಯಕಾಲದಲ್ಲಿ ಪಟ್ಟದಲ್ಲಿದ್ದವನು ಬೂತುಗನ ಮಗ ಮಾರಸಿಂಹ. ಅನೇಕ ಯುದ್ಧಗಳನ್ನು ಗೆದ್ದ ಆ ಅರಸನೂ ಕಡೆಗೆ ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನವನ್ನು ನೋಂತು, 974ರ ಸುಮಾರಿಗೆ ಮುಡಿಪಿದನು. ಸೋದರತ್ತೆಯು ನಡೆದ ದಾರಿ ಅವನಿಗೆ ಅಪರಿಚಿತವಾಗಿರಲಿಲ್ಲ.

ಕಡೂರಿನ ಮಾರ್ಗವಾಗಿ ತರೀಕೆರೆ, ಅಜ್ಜಂಪುರಗಳಿಗೆ ಹೋಗುವ ಶ್ರಾವಕ ಬಂಧುಗಳು ಈ ತಾಯಿಯನ್ನು ಒಮ್ಮೆ ನೆನೆಯಲಿ.