ಕೆನೆತ್ ಆಂಡರ್ಸನ್ ಕಿಲೋಮೀಟರ್ ದೂರದಿಂದ ಹುಲಿ ಹೊಡೆಯುತ್ತಿದ್ದರೇ? ಒಂದು ಕಾರ್ತೂಸಿನ ಕತೆ

ದೊಡ್ಡ ಕಾರ್ತೂಸು, ಬಂದೂಕಿನ ಮೇಲೊಂದು ದುಬಾರಿ ದುರ್ಬೀನು, ಕಿಲೋಮೀಟರ್ ದೂರದಲ್ಲಿ ನಿಂತ ಪ್ರಾಣಿ, ಒಂದೇ ಗುಂಡಿಗೆ ಅದು ನೆಲಕ್ಕೆ. ವಿದೇಶಿ ಬೇಟೆಯ ಇಂಥ ವಿಡಿಯೊಗಳು ಈಗ ಎಲ್ಲರ ಮೊಬೈಲಿಗೂ ಬಂದು ಬೀಳುತ್ತವೆ. ಕಾರ್ತೂಸು ದೊಡ್ಡದಾದಷ್ಟೂ, ಗುರಿ ದೂರವಾದಷ್ಟೂ ಬೇಟೆಗಾರ ದೊಡ್ಡವನು ಎನ್ನುವ ನಂಬಿಕೆ ಇವುಗಳಿಂದ ಬೆಳೆಯುತ್ತಿದೆ.

ಬೀದರ್, ಭಾಲ್ಕಿ, ಔರಾದ್ ಕಡೆಯ ಬಯಲು ಹೊಲಗಳಲ್ಲಿ ಚಿಗರಿ ಹಿಂಡು ಬೆಳೆಗೆ ಇಳಿಯುವುದುಂಟು. ರಾತ್ರಿಯಿಡೀ ಹೊಲ ಕಾದು ಬೇಸತ್ತ ರೈತನಿಗೆ ಇಂಥ ವಿಡಿಯೊ ಪರಿಹಾರದಂತೆ ಕಂಡರೂ ಕಾಣಬಹುದು. ಹಾಗಾಗಿ ಈ ನಂಬಿಕೆ ಎಷ್ಟು ನಿಜ ಅಂತ ನೋಡೋಣ. ಅದಕ್ಕೆ ನಾವು ಆರಿಸಿಕೊಂಡಿದ್ದು ಕನ್ನಡಿಗರಿಗೆಲ್ಲ ಗೊತ್ತಿರುವ ಬೇಟೆಗಾರ ಕೆನೆತ್ ಆಂಡರ್ಸನ್ ಅವರ ಬದುಕನ್ನು.

ಯಾರು ಈ ಆಂಡರ್ಸನ್?

ಹಲವು ತಲೆಮಾರುಗಳಿಂದ ಭಾರತದಲ್ಲೇ ನೆಲೆಸಿದ್ದ ಸ್ಕಾಟಿಷ್ ಮೂಲದ ಮನೆತನದಲ್ಲಿ ಅವರು ಹುಟ್ಟಿದ್ದು 1910ರ ಮಾರ್ಚ್ 8ರಂದು, ಸಿಕಂದರಾಬಾದ್ ಹತ್ತಿರದ ಬೊಲಾರಂನಲ್ಲಿ. ಆಗ ನಮ್ಮ ಬೀದರ್, ಭಾಲ್ಕಿ, ಔರಾದ್ ಕೂಡ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವು. ಆದರೆ ಅವರು ಓದಿದ್ದು, ಬೆಳೆದದ್ದು, ಬದುಕಿದ್ದು ಬೆಂಗಳೂರಿನಲ್ಲಿ. ಮೊದಲು ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಕೆಲಸ, ಆಮೇಲೆ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ. ರಜೆ ಸಿಕ್ಕರೆ ಕಾಡು.

1939ರಿಂದ 1966ರವರೆಗೆ ಅವರು ಹೊಡೆದ ನರಭಕ್ಷಕಗಳಲ್ಲಿ ಸರ್ಕಾರಿ ಲೆಕ್ಕಕ್ಕೆ ಸಿಕ್ಕವು 8 ಚಿರತೆ, 7 ಹುಲಿ. ಅರಸೀಕೆರೆ ಕಡೆ ಹತ್ತಾರು ಜನರ ಮೇಲೆ ಬಿದ್ದಿದ್ದ ಕರಡಿಯ ಕತೆಯನ್ನೂ ಅವರು ಬರೆದಿದ್ದಾರೆ. ಅವರ ಮೊದಲ ಪುಸ್ತಕ ಬಂದದ್ದು 1954ರಲ್ಲಿ. ಮುಂದೆ ಪೂರ್ಣಚಂದ್ರ ತೇಜಸ್ವಿಯವರು ಅವರ ಕತೆಗಳನ್ನು ಕನ್ನಡಕ್ಕೆ ತಂದ ಮೇಲೆ ಆಂಡರ್ಸನ್ ನಮ್ಮ ಮನೆಮಾತಾದರು.

ಕಾರ್ತೂಸಿನ ಅಂಕಿ ಏನು ಹೇಳುತ್ತದೆ?

ಹಿತ್ತಾಳೆ ಕೊಳವೆ, ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ, ಒಳಗೆ ಮದ್ದು, ತುದಿಯಲ್ಲಿ ಗುಂಡು. ಇಷ್ಟೂ ಸೇರಿದರೆ ಒಂದು ಕಾರ್ತೂಸು. ಇದನ್ನೇ ತೋಟಾ ಅಂತಲೂ ಕರೆಯುತ್ತಾರೆ.

ಆಂಡರ್ಸನ್ ಅವರ ನೆಚ್ಚಿನ ಬಂದೂಕು ಅಮೆರಿಕದ ವಿಂಚೆಸ್ಟರ್ ಕಂಪನಿಯ 1895ರ ಮಾದರಿ. ಅದರ ಕಾರ್ತೂಸಿನ ಹೆಸರು ಪಾಯಿಂಟ್ 405. ಈ ಅಂಕಿ ಶಕ್ತಿಯದ್ದಲ್ಲ, ದೂರದ್ದೂ ಅಲ್ಲ. ಗುಂಡು ಎಷ್ಟು ದಪ್ಪ ಅನ್ನುವುದನ್ನು ಇಂಚಿನ ಅಂದಾಜಿನಲ್ಲಿ ಹೇಳುತ್ತದೆ, ಅಷ್ಟೆ. ನಮ್ಮ ಲೆಕ್ಕದಲ್ಲಿ 10 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಇನ್ನೊಂದು ಹೆಸರಾಂತ ಕಾರ್ತೂಸು ಪಾಯಿಂಟ್ 30-06. ಇದರಲ್ಲಿ 30 ಎಂದರೆ ದಪ್ಪ, 06 ಎಂದರೆ ಅದು ಬಂದ ವರ್ಷ 1906. ಅಂಕಿ ನೋಡಿ ಯಾವುದು ಜೋರು ಅಂತ ತೀರ್ಮಾನಿಸುವುದು ತಪ್ಪು.

ಹಾಗಾದರೆ ಅವರು 405 ಆರಿಸಿದ್ದು ಯಾಕೆ?

ಆ ಕಾಲದ ರಾಜರು, ದೊಡ್ಡ ಸಾಹೇಬರು ಲಂಡನ್ನಿನಲ್ಲಿ ಅಳತೆ ಕೊಟ್ಟು ಜೋಡಿ ನಳಿಗೆಯ ಬಂದೂಕು ಮಾಡಿಸಿಕೊಳ್ಳುತ್ತಿದ್ದರು. ಅವುಗಳ ಮುಂದೆ ವಿಂಚೆಸ್ಟರ್ ಕಾರ್ಖಾನೆಯಲ್ಲಿ ಸಾಲಾಗಿ ತಯಾರಾದ ಸಾಮಾನ್ಯ ಬಂದೂಕು. ಆದರೆ ಅವರ ಕೆಲಸಕ್ಕೆ ಅದು ಸರಿಯಾಗಿ ಹೊಂದುತ್ತಿತ್ತು.

ನರಭಕ್ಷಕವನ್ನು ಕಾಯುವುದು ಎಂದರೆ ಮರದ ಮೇಲಿನ ಮಚಾನು, ಕತ್ತಲು, ಬಂದೂಕಿಗೆ ಕಟ್ಟಿದ ಟಾರ್ಚು. ಆ ಬೆಳಕು ಎಷ್ಟು ದೂರ ಬಿದ್ದೀತು? ಹಗಲಿನಲ್ಲೂ ಬಿದಿರು, ಲಂಟಾನ ಪೊದೆಗಳ ನಡುವೆ ಪ್ರಾಣಿ ಕಾಣುವುದು ಕೆಲವೇ ಗಜಗಳಲ್ಲಿ. ಅಲ್ಲಿ ಬೇಕಾದದ್ದು ಹತ್ತಿರದಲ್ಲೇ ಜೋರಾಗಿ ಬೀಳುವ ಭಾರದ ಗುಂಡು. 405ರ ಗುಂಡಿನ ತೂಕ ಸುಮಾರು 19 ಗ್ರಾಂ, ಈಗಿನ ಬಂಗಾರದಂಗಡಿ ಲೆಕ್ಕದಲ್ಲಿ ಹತ್ತಿರ ಹತ್ತಿರ ಎರಡು ತೊಲ. ನಳಿಗೆ ಬಿಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 670 ಮೀಟರ್. ಮೊದಲ ಗುಂಡು ತಪ್ಪಿದರೆ, ಹಿಡಿಯ ಕೆಳಗಿನ ಸನ್ನೆಯನ್ನು ಒಮ್ಮೆ ಕೆಳಗೆ ತಳ್ಳಿ ಮೇಲಕ್ಕೆಳೆದರೆ ಸಾಕು, ಮುಂದಿನದು ಸಿದ್ಧ.

ದೂರಕ್ಕೆ ಹೊಡೆದರೆ ಏನಾಗುತ್ತದೆ?

ನಳಿಗೆ ಬಿಟ್ಟ ಕ್ಷಣದಿಂದಲೇ ಭೂಮಿ ಗುಂಡನ್ನು ಕೆಳಗೆ ಎಳೆಯುತ್ತದೆ. ಅರ್ಧ ಸೆಕೆಂಡಿನಲ್ಲಿ ಯಾವ ವಸ್ತುವಾದರೂ ಸುಮಾರು 1.2 ಮೀಟರ್ ಕೆಳಗಿಳಿಯುತ್ತದೆ. 405ರ ಗುಂಡು ಮೊಂಡು ಮೂತಿಯದ್ದು, ಗಾಳಿಗೆ ಬೇಗ ವೇಗ ಕಳೆದುಕೊಳ್ಳುತ್ತದೆ. 300 ಮೀಟರ್ ಮುಟ್ಟುವಷ್ಟರಲ್ಲಿ ಅರ್ಧ ಸೆಕೆಂಡು ದಾಟಿರುತ್ತದೆ. ಚೂಪು ಮೂತಿಯ, ಹಗುರ, ವೇಗದ ಗುಂಡು ಇದಕ್ಕಿಂತ ಬೇಗ ಮುಟ್ಟುತ್ತದೆ, ಕಡಿಮೆ ಇಳಿಯುತ್ತದೆ. ದೂರದ ಬೇಟೆಗೆ ಅಂತಲೇ ಬಂದೂಕು ಮಾಡಿಸುವವರು ಅಂಥದ್ದನ್ನು ಆರಿಸುವುದು ಇದಕ್ಕೇ.

ಆದರೆ ಯಾವ ಕಾರ್ತೂಸೂ ಎರಡು ತೊಂದರೆಗಳನ್ನು ಗೆಲ್ಲಲಾರದು. ಒಂದು ಅಡ್ಡಗಾಳಿ. ಇನ್ನೊಂದು, ಪ್ರಾಣಿ ನಿಂತಲ್ಲೇ ನಿಂತಿರುವುದಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವ ಚಿಗರಿ ಅರ್ಧ ಸೆಕೆಂಡಿನಲ್ಲಿ 8 ಮೀಟರ್ ಸರಿದಿರುತ್ತದೆ. ಮೇಯುತ್ತಾ ಒಂದು ಹೆಜ್ಜೆ ಇಟ್ಟರೂ ಸಾಕು, ಎದೆಗೆ ಇಟ್ಟ ಗುರಿ ಹೊಟ್ಟೆಗೋ ಕಾಲಿಗೋ ಬೀಳುತ್ತದೆ.

ಗಾಯವಾದ ಪ್ರಾಣಿ ಏನು ಮಾಡುತ್ತದೆ?

ಆಂಡರ್ಸನ್ ಬದುಕಿನಿಂದ ಕಲಿಯಬೇಕಾದದ್ದು ಇಲ್ಲಿದೆ. ಹುಲಿ, ಚಿರತೆ ಹುಟ್ಟಿನಿಂದ ನರಭಕ್ಷಕವಲ್ಲ ಎನ್ನುವುದು ಅವರ ಬರಹಗಳಲ್ಲಿ ಮತ್ತೆ ಮತ್ತೆ ಬರುವ ವಿಚಾರ. ಯಾರೋ ಹಾರಿಸಿದ ಗುರಿತಪ್ಪಿದ ಗುಂಡು, ಪಂಜಕ್ಕೆ ನಾಟಿ ಕೀವಾದ ಮುಳ್ಳುಹಂದಿ ಮುಳ್ಳು, ಇಂಥ ಗಾಯಗಳಿಂದ ಸಹಜ ಬೇಟೆ ಹಿಡಿಯಲಾಗದ ಪ್ರಾಣಿ ನಿಧಾನಕ್ಕೆ ಓಡುವ ಮನುಷ್ಯನ ಮೇಲೆ ಬೀಳುತ್ತದೆ. ಯಾರದೋ ಅವಸರದ ಗುಂಡಿಗೆ ದನ ಕಾಯುವವರು, ಸೌದೆ ತರುವ ಹೆಂಗಸರು ಬೆಲೆ ತೆರುತ್ತಿದ್ದರು. ಆದ್ದರಿಂದ ಹತ್ತಿರದಿಂದ, ಖಚಿತವಾಗಿ ಹೊಡೆಯುವುದು ಬರೀ ಧೈರ್ಯದ ಮಾತಾಗಿರಲಿಲ್ಲ, ಊರಿನ ಜೀವದ ಪ್ರಶ್ನೆಯಾಗಿತ್ತು.

ಬಯಲು ಸೀಮೆಯಲ್ಲಿ ಇನ್ನೊಂದು ಅಪಾಯವಿದೆ. ಗುರಿ ತಪ್ಪಿದ ರೈಫಲ್ ಗುಂಡು ಕಿಲೋಮೀಟರುಗಟ್ಟಲೆ ಹೋಗಬಲ್ಲದು. ಭಾಲ್ಕಿಯ ಹೊಲದಲ್ಲಿ ಅದನ್ನು ತಡೆಯಲು ಗುಡ್ಡವೂ ಇಲ್ಲ, ದಟ್ಟ ಕಾಡೂ ಇಲ್ಲ. ಆಚೆ ಇರುವುದು ಇನ್ನೊಬ್ಬರ ಹೊಲ, ಇನ್ನೊಂದು ಊರು.

ಕೊನೆಗೆ ಏನಾಯಿತು?

ವಯಸ್ಸಾದಂತೆ ಆಂಡರ್ಸನ್ ಕೋವಿಗಿಂತ ಕ್ಯಾಮೆರಾ ಹಿಡಿದು ಕಾಡು ಸುತ್ತಿದರು, ಕಾಡು ಉಳಿಯಬೇಕು ಎಂದು ಬರೆದರು. 1974ರ ಆಗಸ್ಟ್ 30ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಅದಕ್ಕೆ ಎರಡು ವರ್ಷ ಮೊದಲೇ, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತ್ತು. ಚಿಗರಿ, ಅಂದರೆ ಕೃಷ್ಣಮೃಗ, ಅದರ ಮೊದಲನೇ ಪಟ್ಟಿಯಲ್ಲಿದೆ. ಅದನ್ನು ಹೊಡೆದರೆ 3ರಿಂದ 7 ವರ್ಷ ಜೈಲು. ಬಂದೂಕಿಗೆ ಲೈಸೆನ್ಸ್ ಇದ್ದರೂ ಅದು ಬೇಟೆಗೆ ಅನುಮತಿಯಲ್ಲ. ಬೆಳೆ ಹಾಳಾದರೆ ಫೋಟೊ ತೆಗೆದಿಟ್ಟುಕೊಂಡು ಅರಣ್ಯ ಇಲಾಖೆಗೆ ಅರ್ಜಿ ಕೊಡುವುದೇ ಸರಿಯಾದ ದಾರಿ.

ಫಾರ್ವರ್ಡ್ ಮಾಡುವ ಮುನ್ನ

ಅಂಕಿ ದೊಡ್ಡದಾದರೆ ಕಾರ್ತೂಸು ಜೋರು: ತಪ್ಪು. ದೂರದಿಂದ ಹೊಡೆದವನೇ ದೊಡ್ಡ ಬೇಟೆಗಾರ: ತಪ್ಪು. ಆಂಡರ್ಸನ್ ಅವರ ಬಂದೂಕಿನಲ್ಲಿ ಯಾವ ಮಾಯೆಯೂ ಇರಲಿಲ್ಲ. ಖಚಿತವಾಗುವಷ್ಟು ಹತ್ತಿರ ಬರುವವರೆಗೆ ಕಾಯುವ ತಾಳ್ಮೆ ಅವರಿಗಿತ್ತು. ಮುಂದಿನ ಸಲ ಅಂಥ ವಿಡಿಯೊ ಬಂದರೆ, ಅದರ ಬದಲು ಇದನ್ನು ಗುಂಪಿಗೆ ಕಳಿಸಿ.