ಗಾಳಿಪಟಕ್ಕೆ ಅಂಟಿದ ಪರಾಗ: ಚಾರ್ಲ್ಸ್ ಬ್ಲ್ಯಾಕ್ಲಿ

ಪರಾಗಸ್ಪರ್ಶದ ಪಾಠಕ್ಕೆ ಪೂರಕವಾಗಿ ನಾನು ಚಂದ್ರಂಪಳ್ಳಿ ಕಡೆಯ ಮಕ್ಕಳಿಗೆ ಹೇಳಲು ಆರಿಸಿಕೊಂಡದ್ದು ಚಾರ್ಲ್ಸ್ ಹ್ಯಾರಿಸನ್ ಬ್ಲ್ಯಾಕ್ಲಿಯವರ ಬದುಕನ್ನು. ನಮ್ಮಲ್ಲಿ ಸೀನು ಹತ್ತಿದರೆ ಧೂಳು ಎಂದುಬಿಡುತ್ತೇವೆ. ವಾಡಿ, ಸೇಡಂ ಕಡೆ ಸಿಮೆಂಟಿನ ಹೆಸರೂ ಸೇರುತ್ತದೆ. ಬ್ಲ್ಯಾಕ್ಲಿ ಅಲ್ಲಿಗೇ ನಿಲ್ಲಲಿಲ್ಲ.

ಅವರು 1820ರಲ್ಲಿ ಇಂಗ್ಲೆಂಡಿನ ಬೋಲ್ಟನ್‌ನಲ್ಲಿ ಹುಟ್ಟಿದರು. ಮೊದಲು ಮುದ್ರಣದ ಕೆಲಸ, ಆಮೇಲೆ ಮ್ಯಾಂಚೆಸ್ಟರ್‌ನಲ್ಲಿ ಹೋಮಿಯೋಪತಿ ವೈದ್ಯಕೀಯ. ಪ್ರತಿ ಬೇಸಿಗೆಯಲ್ಲೂ ಅವರಿಗೆ ಸೀನು, ಕಣ್ಣು ತುರಿಕೆ, ಮೂಗು ಸೋರಿಕೆ. ಇದಕ್ಕೆ ಬಿಸಿಲು ಕಾರಣ ಎಂದು ಕೆಲವರು, ಓಝೋನ್ ಎಂದು ಕೆಲವರು, ಧೂಳು ಎಂದು ಇನ್ನು ಕೆಲವರು ಹೇಳುತ್ತಿದ್ದರು. ಬ್ಲ್ಯಾಕ್ಲಿ ಒಂದೊಂದನ್ನೇ ಬೇರೆ ಮಾಡಿ ತಮ್ಮ ಮೇಲೆಯೇ ಪರೀಕ್ಷಿಸಿದರು. ರಸ್ತೆಯಲ್ಲಿ ಗಾಡಿ ಎಬ್ಬಿಸಿದ ಧೂಳಿಗೆ ಸೀನು ಬಂದಾಗ ಆ ಧೂಳನ್ನೇ ತಂದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅದರಲ್ಲಿ ಹುಲ್ಲಿನ ಪರಾಗವಿತ್ತು.

ವಿಜ್ಞಾನ ಶಿಕ್ಷಕರಿಗೆ ಬಹಳ ಉಪಯೋಗಕ್ಕೆ ಬರುವುದು ಅವರ ಚರ್ಮದ ಪರೀಕ್ಷೆ. ಎರಡೂ ಕಡೆ ಚರ್ಮವನ್ನು ಒಂದೇ ರೀತಿ ಗೀರಿ, ಒಂದು ಕಡೆ ಮಾತ್ರ ಒದ್ದೆ ಪರಾಗ ಇಟ್ಟು ಕಟ್ಟಿದರು. ಇನ್ನೊಂದು ಕಡೆ ಪರಾಗವಿಲ್ಲದ ಬರಿ ಪಟ್ಟಿ. ಪರಾಗವಿದ್ದ ಕಡೆ ತುರಿಕೆ ಎದ್ದು ಬಾತುಕೊಂಡಿತು. ನಿಯಂತ್ರಿತ ಪ್ರಯೋಗ ಎಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಅಂಟು ಸವರಿದ ಗಾಜಿನ ಪಟ್ಟಿಗಳನ್ನು ಗಾಳಿಪಟಕ್ಕೆ ಕಟ್ಟಿ ಸಾವಿರ ಅಡಿಗೂ ಮೇಲೆ ಹಾರಿಸಿ, ಅಲ್ಲಿಯೂ ಪರಾಗವಿದೆ ಎಂದು ತೋರಿಸಿದರು. ತರಗತಿ ಕಿವಿ ನೆಟ್ಟಗೆ ಮಾಡಿದ್ದು ಇಲ್ಲೇ! 1873ರಲ್ಲಿ ಇದೆಲ್ಲ ಪುಸ್ತಕವಾಯಿತು. ಚಾರ್ಲ್ಸ್ ಡಾರ್ವಿನ್ನರೊಂದಿಗೆ ಪತ್ರವ್ಯವಹಾರವೂ ನಡೆಯಿತು.

1900ರಲ್ಲಿ ಅವರು ತೀರಿಕೊಂಡರು. ಅಲರ್ಜಿ ಎಂಬ ಪದ ಹುಟ್ಟಿದ್ದು 1906ರಲ್ಲಿ. ಪರಾಗದೊಳಗಿನ ಪ್ರೋಟೀನುಗಳೇ ಕಾರಣ ಎಂಬುದು ವಿವರವಾಗಿ ತಿಳಿದದ್ದು ಇನ್ನೂ ತಡವಾಗಿ. ಆ ಪ್ರೋಟೀನುಗಳನ್ನು ಈಗ ಗುಂಪುಗಳಾಗಿ ವಿಂಗಡಿಸಿ ಅಂಕಿ ಕೊಟ್ಟಿದ್ದಾರೆ. ಒಂದೇ ಹುಲ್ಲಿನ ಒಂದೇ ಪ್ರೋಟೀನಿನಲ್ಲೂ ಅಮೈನೋ ಆಮ್ಲಗಳು ಅಲ್ಲಲ್ಲಿ ಬದಲಾದ ರೂಪಗಳಿರುತ್ತವೆ. ಯುರೋಪಿನ ತಿಮೋತಿ ಹುಲ್ಲಿನಲ್ಲಿ 1 ಮತ್ತು 5ನೇ ಗುಂಪುಗಳೆರಡೂ ಮುಖ್ಯ. ನಮ್ಮ ಹೊಲದ ಬದುವಿನ ಕರಿಕೆಯಲ್ಲಿ 1ನೇ ಗುಂಪು ಇದೆ, 5ನೆಯದು ಇಲ್ಲ. ಹಾಗಾಗಿ ತಿಮೋತಿ ಹುಲ್ಲಿನ ಸಾರದಿಂದ ಮಾಡಿದ ಪರೀಕ್ಷೆಯೊಂದೇ ನಮ್ಮ ಕಡೆಯ ರೋಗಿಗೆ ಸಾಲದೆ ಹೋಗಬಹುದು. ಸದಾ ನೆಗಡಿಯವನು ಎಂದು ಹಿಂದಿನ ಬೆಂಚಿಗೆ ಹೋಗುವ ಹುಡುಗನಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಜೋಳವೂ ಹುಲ್ಲಿನ ಕುಟುಂಬದ್ದೇ ಎಂದಾಗ ಮಕ್ಕಳು ನಂಬಲಿಲ್ಲ. ಗಾಜಿನ ಪಟ್ಟಿಗೆ ವ್ಯಾಸಲಿನ್ ಸವರಿ ಶಾಲೆಯ ಕಿಟಕಿಯಲ್ಲಿಟ್ಟು ಪರಾಗ ಎಣಿಸುವ ಚಟುವಟಿಕೆಯನ್ನು ಪಾಠ ಯೋಜನೆಯಲ್ಲಿ ಸೇರಿಸಿದ್ದೇನೆ. ಉಬ್ಬಸವಿರುವ ಮಕ್ಕಳಿಗೆ ಎಣಿಕೆಯ ಲೆಕ್ಕ ಬರೆಯುವ ಕೆಲಸ. ಚರ್ಮ ಗೀರುವ ಪ್ರಯೋಗವನ್ನು ಯಾರೂ ಮಾಡಿ ನೋಡಬಾರದೆಂದು ಕರಿಹಲಗೆಯ ಮೇಲೇ ಬರೆದೆ.